ಉದ್ದದ ಕುಗ್ಗುವಿಕೆ ಮತ್ತು ಕಾಲದ ಹಿಗ್ಗುವಿಕೆ: ಲೆಕ್ಕ ಬಿಡಿಸುವ ಕ್ರಮ

ವಿಶೇಷ ಸಾಪೇಕ್ಷತಾ ಸಿದ್ಧಾಂತದ ಲೆಕ್ಕಗಳಲ್ಲಿ ಗಣಿತ ಬಹಳ ಕಡಿಮೆ. ಒಂದು ವರ್ಗಮೂಲ, ಒಂದು ಗುಣಾಕಾರ ಅಥವಾ ಭಾಗಾಕಾರ, ಇಷ್ಟು ಬಂದರೆ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಆದರೂ ಈ ಅಧ್ಯಾಯದಲ್ಲಿ ಜಾಣ ವಿದ್ಯಾರ್ಥಿಗಳೂ ಎಡವುತ್ತಾರೆ, ಮತ್ತು ಅವರು ಎಡವುವುದು ಬಹುಮಟ್ಟಿಗೆ ಒಂದೇ ಕಡೆ: ಗ್ಯಾಮಾದಿಂದ (ವೇಗದಿಂದ ಲೆಕ್ಕ ಹಾಕುವ ಒಂದು ಗುಣಕ, ಅದರ ಸೂತ್ರ ಮುಂದೆ ಬರುತ್ತದೆ) ಗುಣಿಸಬೇಕೋ ಭಾಗಿಸಬೇಕೋ ಎಂದು ನಿರ್ಧರಿಸಬೇಕಾದ ಕಡೆ. ‘ಚಲಿಸುವ ಗಡಿಯಾರ ನಿಧಾನ, ಚಲಿಸುವ ಕೋಲು ಗಿಡ್ಡ’ ಎಂದು ಬಾಯಿಪಾಠ ಮಾಡಿಕೊಂಡರೆ ಸಾಲದು. ಚಲಿಸುತ್ತಿರುವುದು ಯಾವುದು ಎಂದು ಕೇಳಿದರೆ ಇಬ್ಬರು ವೀಕ್ಷಕರೂ ಎದುರಿನವರತ್ತ ಕೈ ತೋರಿಸುತ್ತಾರೆ, ಮತ್ತು ಇಬ್ಬರ ಮಾತೂ ಸರಿಯೇ ಆಗಿರುತ್ತದೆ. ಆದ್ದರಿಂದ ಸೂತ್ರಕ್ಕೆ ಕೈ ಹಾಕುವ ಮೊದಲು ಪ್ರಶ್ನೆಯಲ್ಲಿರುವ ಪ್ರತಿಯೊಂದು ಸಂಖ್ಯೆಯನ್ನೂ ಹಿಡಿದು ನಿಲ್ಲಿಸಿ, ಇದು ಯಾರು ಅಳೆದದ್ದು, ಯಾವ ಎರಡು ಘಟನೆಗಳ ನಡುವೆ ಅಳೆದದ್ದು ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡವರಿಗೆ ಸೂತ್ರದ ಆಯ್ಕೆ ತಾನಾಗಿಯೇ ಒದಗುತ್ತದೆ.

ಮೊದಲು ಅಳತೆಯ ಮಾನಗಳು

ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಕೈಲೆಕ್ಕಕ್ಕೆ ಅದನ್ನು 30 ಕೋಟಿ ಮೀಟರ್ ಎಂದು ತೆಗೆದುಕೊಂಡರೆ ತಪ್ಪಿಲ್ಲ. ಅದಕ್ಕಿಂತ ಅನುಕೂಲವಾದ ರೂಪವೆಂದರೆ ಮೈಕ್ರೋಸೆಕೆಂಡಿಗೆ 300 ಮೀಟರ್. ನೌಕೆ, ನಿಲ್ದಾಣ, ಕಣ ಮುಂತಾದ ಲೆಕ್ಕಗಳಿಗೆ ಮೀಟರ್ ಮತ್ತು ಮೈಕ್ರೋಸೆಕೆಂಡುಗಳನ್ನೂ, ನಕ್ಷತ್ರಯಾನದ ಲೆಕ್ಕಗಳಿಗೆ ಜ್ಯೋತಿರ್ವರ್ಷ ಮತ್ತು ವರ್ಷಗಳನ್ನೂ ಬಳಸಿದರೆ ಹತ್ತರ ಘಾತಗಳ ಕಾಟ ತಪ್ಪುತ್ತದೆ. ಜ್ಯೋತಿರ್ವರ್ಷವನ್ನು ಕಿಲೋಮೀಟರಿಗೆ ಬದಲಾಯಿಸಿ, ಮತ್ತೆ ಕೊನೆಯಲ್ಲಿ ವರ್ಷಕ್ಕೆ ಹಿಂತಿರುಗುವ ಅಭ್ಯಾಸ ಅನೇಕರಿಗಿದೆ. ಅದರಿಂದ ಲಾಭವೇನೂ ಇಲ್ಲ, ಗುಣಾಕಾರದ ತಪ್ಪುಗಳಿಗೆ ಮಾತ್ರ ಅವಕಾಶ ಹೆಚ್ಚುತ್ತದೆ.

ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಬೀಟಾ ಎಂದು ಹೆಸರು. ಗ್ಯಾಮಾ ಅಥವಾ ಲೊರೆಂಟ್ಜ್ ಗುಣಕ ಹುಟ್ಟುವುದು ಅದರಿಂದಲೇ:

ಗ್ಯಾಮಾ = 1 ÷ √(1 − ಬೀಟಾ²)

ಗ್ಯಾಮಾ ಎಂದಿಗೂ 1ಕ್ಕಿಂತ ಕಡಿಮೆಯಾಗದು. ನಿಮ್ಮ ಲೆಕ್ಕದಲ್ಲಿ ಹಾಗೇನಾದರೂ ಬಂದರೆ ಎಲ್ಲೋ ಭಾಗಾಕಾರ ತಲೆಕೆಳಗಾಗಿದೆ ಎಂದೇ ತಿಳಿಯಬೇಕು. ಬೀಟಾ 0.6 ಆದಾಗ ಗ್ಯಾಮಾ 1.25, ಮತ್ತು 0.8 ಆದಾಗ 5/3. ಪ್ರಶ್ನೆಪತ್ರಿಕೆಗಳಲ್ಲಿ ಈ ಎರಡು ವೇಗಗಳು ಮತ್ತೆಮತ್ತೆ ಬರುವುದಕ್ಕೆ ಕಾರಣ 3, 4, 5 ಬಾಹುಗಳ ಲಂಬಕೋನ ತ್ರಿಭುಜ. ಹಾಗೆಯೇ 12/13ಕ್ಕೆ 13/5, 15/17ಕ್ಕೆ 17/8, 0.96ಕ್ಕೆ 25/7 ಬರುತ್ತದೆ. ಇಂಥ ವೇಗ ಸಿಕ್ಕಾಗ ದಶಮಾಂಶಕ್ಕೆ ಇಳಿಯದೆ ಭಿನ್ನರಾಶಿಯಲ್ಲೇ ಮುಂದುವರಿದರೆ ಉತ್ತರ ಶುದ್ಧವಾಗಿ ಬರುತ್ತದೆ.

ವೇಗ ತೀರಾ ಕಡಿಮೆಯಿದ್ದಾಗ ಕ್ಯಾಲ್ಕುಲೇಟರ್ ಗ್ಯಾಮಾವನ್ನು 1 ಎಂದೇ ತೋರಿಸಿಬಿಡುತ್ತದೆ. ಅಲ್ಲಿ ಬಳಸಬೇಕಾದದ್ದು ‘ಗ್ಯಾಮಾ − 1 ಎಂಬುದು ಬೀಟಾ² ÷ 2ಕ್ಕೆ ಬಹುತೇಕ ಸಮ’ ಎಂಬ ಅಂದಾಜು. ಜಿಪಿಎಸ್ ಉಪಗ್ರಹಗಳು ಸೆಕೆಂಡಿಗೆ ಸುಮಾರು 3.87 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತವೆ. ಅಲ್ಲಿ ಬೀಟಾ 0.0000129, ಅದರ ವರ್ಗದ ಅರ್ಧವೆಂದರೆ ಹತ್ತು ಸಾವಿರ ಕೋಟಿಯಲ್ಲಿ ಸುಮಾರು 8.3 ಭಾಗ. ಇದನ್ನು ದಿನದ 86,400 ಸೆಕೆಂಡುಗಳಿಂದ ಗುಣಿಸಿದರೆ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡು ಬರುತ್ತದೆ. ವೇಗದ ದೆಸೆಯಿಂದ ಉಪಗ್ರಹದ ಗಡಿಯಾರ ದಿನವೂ ಇಷ್ಟು ಹಿಂದೆ ಬೀಳುತ್ತದೆ. ಗುರುತ್ವದ ಪರಿಣಾಮ ಅದನ್ನು ಸುಮಾರು 45 ಮೈಕ್ರೋಸೆಕೆಂಡು ಮುಂದೆ ತಳ್ಳುವುದರಿಂದ ಒಟ್ಟು ವ್ಯತ್ಯಾಸ ದಿನಕ್ಕೆ 38ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಆದರೆ ಆ ಎರಡನೆಯ ಭಾಗ ಸಾಮಾನ್ಯ ಸಾಪೇಕ್ಷತೆಗೆ ಸೇರಿದ್ದು. ವೇಗ ಬೆಳಕಿನ ವೇಗಕ್ಕೆ ತೀರಾ ಹತ್ತಿರವಿರುವಾಗ ಇನ್ನೊಂದು ಅಂದಾಜು ನೆರವಿಗೆ ಬರುತ್ತದೆ: ಗ್ಯಾಮಾ ಬಹುತೇಕ 1 ÷ √(2 × (1 − ಬೀಟಾ)).

ಘಟನೆಗಳನ್ನು ಬರೆಯುವುದು

ಲೆಕ್ಕದ ನಿಜವಾದ ಮೊದಲ ಹೆಜ್ಜೆ ಇಲ್ಲಿದೆ. ಒಂದು ನಿರ್ದಿಷ್ಟ ಸ್ಥಳದಲ್ಲಿ, ಒಂದು ನಿರ್ದಿಷ್ಟ ಕ್ಷಣದಲ್ಲಿ ನಡೆಯುವುದಕ್ಕೆ ಘಟನೆ ಎನ್ನುತ್ತೇವೆ. ‘ನೌಕೆ ಪ್ರಯಾಣ ಮಾಡಿತು’ ಎಂಬುದು ಘಟನೆಯಲ್ಲ. ‘ನೌಕೆಯ ಮೂತಿ ಕಂಬದ ಪಕ್ಕಕ್ಕೆ ಬಂತು’ ಎಂಬುದು ಘಟನೆ. ಪ್ರಶ್ನೆಯನ್ನು ಓದಿದ ಕೂಡಲೇ ಇಂಥ ಎರಡು ವಾಕ್ಯಗಳನ್ನು ಬರೆಯಿರಿ, ಅವುಗಳ ಕೆಳಗೆ ಪ್ರಶ್ನೆಯಲ್ಲಿ ಬರುವ ಚೌಕಟ್ಟುಗಳ (ಚೌಕಟ್ಟು ಎಂದರೆ ವೀಕ್ಷಕರು ಮತ್ತು ಅವರೊಂದಿಗೇ ಸಾಗುವ ಅಳತೆಗೋಲು, ಗಡಿಯಾರಗಳು) ಹೆಸರು ಬರೆಯಿರಿ: ನಿಲ್ದಾಣದ ಚೌಕಟ್ಟು, ನೌಕೆಯ ಚೌಕಟ್ಟು, ಇತ್ಯಾದಿ. ಆಮೇಲೆ ಕೊಟ್ಟಿರುವ ಒಂದೊಂದು ಸಂಖ್ಯೆಯನ್ನೂ ಅದು ಸೇರಿದ ಚೌಕಟ್ಟಿನ ಕೆಳಗೆ ಇಡಿ. ಇದಕ್ಕೆ ಹಿಡಿಯುವುದು ಒಂದು ನಿಮಿಷ, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ಕೊನೆಯಲ್ಲಿ ಊಹೆಯ ಮೇಲೆ ಗುಣಿಸುತ್ತಾರೆ ಅಥವಾ ಭಾಗಿಸುತ್ತಾರೆ.

ಎರಡು ಘಟನೆಗಳೂ ಒಂದೇ ಸ್ಥಳದಲ್ಲಿ ನಡೆಯುವ ಚೌಕಟ್ಟು ಇದೆಯೇ ಎಂದು ಈಗ ನೋಡಬೇಕು. ಇದ್ದರೆ ಆ ಚೌಕಟ್ಟಿನಲ್ಲಿ ಒಂದೇ ಗಡಿಯಾರ ಎರಡೂ ಘಟನೆಗಳಿಗೆ ಹಾಜರಿರುತ್ತದೆ. ಅದು ತೋರಿಸುವ ಅವಧಿಯೇ ಸ್ವಕಾಲ. ಬೇರೆ ಯಾವ ಚೌಕಟ್ಟಿನಲ್ಲಿ ಅಳೆದರೂ ಅದೇ ಎರಡು ಘಟನೆಗಳ ನಡುವಿನ ಕಾಲ ಇದಕ್ಕಿಂತ ಹೆಚ್ಚು:

ಬೇರೆ ಚೌಕಟ್ಟಿನ ಕಾಲ = ಗ್ಯಾಮಾ × ಸ್ವಕಾಲ

ಉದ್ದಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ. ವಸ್ತು ಯಾವ ಚೌಕಟ್ಟಿನಲ್ಲಿ ಕದಲದೆ ನಿಂತಿದೆ? ಅಲ್ಲಿ ಅಳೆದದ್ದು ನಿಶ್ಚಲ ಉದ್ದ, ಅದೇ ಎಲ್ಲಕ್ಕಿಂತ ದೊಡ್ಡದು. ವಸ್ತುವಿನ ಉದ್ದಕ್ಕೇ ಸಾಗುವ ಬೇರೆ ಚೌಕಟ್ಟಿನಲ್ಲಿ:

ಅಳೆದ ಉದ್ದ = ನಿಶ್ಚಲ ಉದ್ದ ÷ ಗ್ಯಾಮಾ

ಚಲಿಸುವ ವಸ್ತುವಿನ ಉದ್ದವನ್ನು ಅಳೆಯುವುದೆಂದರೆ ಅದರ ಎರಡು ತುದಿಗಳು ಎಲ್ಲಿವೆ ಎಂಬುದನ್ನು ಏಕಕಾಲಕ್ಕೆ ಗುರುತು ಹಾಕಿಕೊಳ್ಳುವುದು. ಮೂತಿಯನ್ನು ಈಗ, ಬಾಲವನ್ನು ಆಮೇಲೆ ಗುರುತಿಸಿದರೆ ಬರುವ ಅಂತರ ಉದ್ದವಲ್ಲ. ಫಿಟ್ಸ್‌ಜೆರಾಲ್ಡ್ 1889ರಲ್ಲಿ, ಅವರ ಬಳಿಕ ಲೊರೆಂಟ್ಜ್ ಈ ಕುಗ್ಗುವಿಕೆಯನ್ನು ಸೂಚಿಸಿದಾಗ ಅದು ವಸ್ತುವಿನೊಳಗಿನ ಬಲಗಳಿಂದಾಗುವ ಒತ್ತಡದ ಫಲ ಎಂಬ ಭಾವನೆ ಇತ್ತು. ಐನ್‌ಸ್ಟೈನ್ 1905ರಲ್ಲಿ ‘ಏಕಕಾಲ’ ಎಂಬುದೇ ಚೌಕಟ್ಟಿನಿಂದ ಚೌಕಟ್ಟಿಗೆ ಬದಲಾಗುತ್ತದೆ ಎಂದು ತೋರಿಸಿದರು. ಕುಗ್ಗುವಿಕೆಯ ಬೇರು ಇರುವುದು ಅಲ್ಲಿ. ಈ ಲೇಖನದ ಕಷ್ಟವಾದ ಲೆಕ್ಕಗಳೆಲ್ಲ ಕೊನೆಗೆ ಇದೊಂದು ಮಾತಿಗೆ ಬಂದು ಸೇರುತ್ತವೆ.

ಕಂಬ ದಾಟುವ ನೌಕೆ

300 ಮೀಟರ್ ನಿಶ್ಚಲ ಉದ್ದದ ನೌಕೆಯೊಂದು ಬೆಳಕಿನ ವೇಗದ 0.6ರಷ್ಟು ವೇಗದಲ್ಲಿ ಅಂತರಿಕ್ಷ ನಿಲ್ದಾಣದ ಒಂದು ಕಂಬವನ್ನು ದಾಟುತ್ತದೆ. ದಾಟಲು ಹಿಡಿಯುವ ಕಾಲ ನಿಲ್ದಾಣದವರಿಗೆ ಎಷ್ಟು, ನೌಕೆಯವರಿಗೆ ಎಷ್ಟು?

ಘಟನೆ ಒಂದು: ಮೂತಿ ಕಂಬದ ಪಕ್ಕಕ್ಕೆ ಬರುತ್ತದೆ. ಘಟನೆ ಎರಡು: ಬಾಲ ಕಂಬದ ಪಕ್ಕಕ್ಕೆ ಬರುತ್ತದೆ. ನಿಲ್ದಾಣದವರಿಗೆ ಎರಡೂ ಕಂಬದ ಬುಡದಲ್ಲೇ ನಡೆದವು. ಆದ್ದರಿಂದ ಸ್ವಕಾಲ ಇರುವುದು ಕಂಬದ ಗಡಿಯಾರದಲ್ಲಿ, ನೌಕೆಯಲ್ಲಲ್ಲ. ‘ನೌಕೆ ಚಲಿಸುತ್ತದೆ, ಚಲಿಸುವವರ ಕಾಲ ಕಡಿಮೆ’ ಎಂದು ಹೊರಟವರು ಇಲ್ಲೇ ಉಲ್ಟಾ ಉತ್ತರ ಬರೆಯುತ್ತಾರೆ.

ನಿಲ್ದಾಣದವರಿಗೆ ನೌಕೆಯ ಉದ್ದ 300 ÷ 1.25 = 240 ಮೀಟರ್. ವೇಗ ಮೈಕ್ರೋಸೆಕೆಂಡಿಗೆ 180 ಮೀಟರ್. ಕಾಲ 240 ÷ 180 = 1.333 ಮೈಕ್ರೋಸೆಕೆಂಡು. ನೌಕೆಯವರಿಗೆ ಕಂಬವೇ ಹಿಂದಕ್ಕೆ ಸಾಗಿ 300 ಮೀಟರ್ ದಾಟುತ್ತದೆ, ಹಾಗಾಗಿ 300 ÷ 180 = 1.667 ಮೈಕ್ರೋಸೆಕೆಂಡು. 1.333ನ್ನು 1.25ರಿಂದ ಗುಣಿಸಿದರೂ 1.667 ಬರುತ್ತದೆ. ಉದ್ದದ ದಾರಿಯಲ್ಲಿ ಹೋದರೂ ಕಾಲದ ದಾರಿಯಲ್ಲಿ ಹೋದರೂ ಒಂದೇ ಉತ್ತರ ಬಂದದ್ದು ಕಾಕತಾಳೀಯವಲ್ಲ. ಎರಡು ಸೂತ್ರಗಳೂ ಒಂದೇ ಸಂಗತಿಯ ಎರಡು ಮುಖಗಳಾದ್ದರಿಂದ ಒಂದನ್ನು ಬಳಸಿ ಬಿಡಿಸಿದ ಲೆಕ್ಕವನ್ನು ಇನ್ನೊಂದರಿಂದ ಯಾವಾಗಲೂ ತಾಳೆ ನೋಡಬಹುದು.

ಇಲ್ಲಿ ಒಂದು ಸಂದೇಹ ಏಳಬೇಕು, ಏಳದಿದ್ದರೆ ಲೆಕ್ಕ ಪೂರ್ತಿ ಅರ್ಥವಾಗಿಲ್ಲ ಎಂದೇ ಹೇಳಬೇಕು. ನಿಲ್ದಾಣದವರ ದೃಷ್ಟಿಯಲ್ಲಿ ನಿಧಾನವಾಗಿ ನಡೆಯಬೇಕಾದದ್ದು ನೌಕೆಯ ಗಡಿಯಾರ. ಅವರ ಗಡಿಯಾರದಲ್ಲಿ 1.333 ಕಳೆದಾಗ ನೌಕೆಯದರಲ್ಲಿ ಅದಕ್ಕಿಂತ ಕಡಿಮೆ ಕಳೆಯಬೇಕಲ್ಲವೇ, 1.667 ಹೇಗೆ ಬಂತು?

ಉತ್ತರ ಸಿಗಬೇಕಾದರೆ ನೌಕೆಯಲ್ಲಿ ಎಷ್ಟು ಗಡಿಯಾರಗಳಿವೆ ಎಂದು ಎಣಿಸಬೇಕು. ಮೊದಲ ಘಟನೆಯಲ್ಲಿ ಕಂಬದ ಪಕ್ಕದಲ್ಲಿದ್ದದ್ದು ಮೂತಿಯ ಗಡಿಯಾರ, ಎರಡನೆಯ ಘಟನೆಯಲ್ಲಿ ಇದ್ದದ್ದು ಬಾಲದ ಗಡಿಯಾರ. ನೌಕೆಯವರು ಈ ಎರಡನ್ನೂ ತಮ್ಮ ಚೌಕಟ್ಟಿನಲ್ಲಿ ಸರಿಹೊಂದಿಸಿ ಇಟ್ಟಿದ್ದಾರೆ. ಆದರೆ ಅವು ಹೊಂದಿಕೊಂಡಿವೆ ಎಂಬುದನ್ನು ನಿಲ್ದಾಣದವರು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ಹಿಂಬದಿಯ ಗಡಿಯಾರ ಮುಂದಿದೆ, ಎಷ್ಟೆಂದರೆ ಬೀಟಾವನ್ನು ನಿಶ್ಚಲ ಉದ್ದದಿಂದ ಗುಣಿಸಿ ಬೆಳಕಿನ ವೇಗದಿಂದ ಭಾಗಿಸಿದಷ್ಟು: 0.6 × 300 ÷ 300 = 0.6 ಮೈಕ್ರೋಸೆಕೆಂಡು. ಮೂತಿ ಕಂಬಕ್ಕೆ ಬಂದ ಕ್ಷಣದಲ್ಲಿ ಮೂತಿಯ ಗಡಿಯಾರ ಸೊನ್ನೆ ತೋರಿಸುತ್ತಿದ್ದರೆ, ನಿಲ್ದಾಣದವರ ಅದೇ ಕ್ಷಣದಲ್ಲಿ ಬಾಲದ ಗಡಿಯಾರ ಆಗಲೇ 0.6 ತೋರಿಸುತ್ತಿದೆ. ಮುಂದಿನ 1.333 ಮೈಕ್ರೋಸೆಕೆಂಡಿನಲ್ಲಿ ಅದು ನಿಧಾನವಾಗಿಯೇ ನಡೆದು 1.333 ÷ 1.25 = 1.067ರಷ್ಟು ಮುಂದೆ ಹೋಗುತ್ತದೆ. 0.6ಕ್ಕೆ 1.067 ಸೇರಿಸಿದರೆ 1.667. ಹೀಗೆ ಒಬ್ಬರ ಗಡಿಯಾರ ಇನ್ನೊಬ್ಬರಿಗೆ ನಿಧಾನ ಎಂಬ ಮಾತೂ ಉಳಿಯಿತು, ಕಂಬದ ಪಕ್ಕದಲ್ಲಿ ನಿಂತು ಓದಿದ ಅಂಕಿಗಳ ಬಗ್ಗೆ ಇಬ್ಬರಲ್ಲೂ ಒಮ್ಮತವೂ ಉಳಿಯಿತು. ‘ಹಿಂಬದಿಯ ಗಡಿಯಾರ ಮುಂದೆ’ ಎಂಬ ಈ ನಿಯಮವನ್ನು ಪಠ್ಯಗಳು ಹೆಚ್ಚಾಗಿ ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನ್ನ ಅಭಿಪ್ರಾಯದಲ್ಲಿ ಕುಗ್ಗುವಿಕೆ, ಹಿಗ್ಗುವಿಕೆಗಳಷ್ಟೇ ಪ್ರಾಮುಖ್ಯ ಇದಕ್ಕೂ ಸಲ್ಲಬೇಕು, ಏಕೆಂದರೆ ವಿರೋಧಾಭಾಸ ಎಂದು ಹೆಸರಾದ ಪ್ರಶ್ನೆಗಳನ್ನೆಲ್ಲ ಬಿಡಿಸುವ ಕೀಲಿ ಇದೇ.

ಉತ್ತರವನ್ನು ಪರೀಕ್ಷಿಸಲು ಇನ್ನೊಂದು ಗಟ್ಟಿಯಾದ ಸಾಧನವಿದೆ. ಕಾಲವನ್ನೂ ಮೀಟರಿನಲ್ಲೇ ಹೇಳಿ, ಅಂದರೆ 1 ಮೈಕ್ರೋಸೆಕೆಂಡಿಗೆ 300 ಮೀಟರ್ ಎಂದು ಬರೆದುಕೊಳ್ಳಿ. ಆಗ ಕಾಲದ ವರ್ಗದಿಂದ ದೂರದ ವರ್ಗವನ್ನು ಕಳೆದರೆ ಎಲ್ಲ ಚೌಕಟ್ಟುಗಳಲ್ಲೂ ಒಂದೇ ಸಂಖ್ಯೆ ಬರಬೇಕು. ನಿಲ್ದಾಣದಲ್ಲಿ ಕಾಲ 400 ಮೀಟರ್, ದೂರ ಸೊನ್ನೆ: ವ್ಯತ್ಯಾಸ 1,60,000. ನೌಕೆಯಲ್ಲಿ ಕಾಲ 500 ಮೀಟರ್, ದೂರ 300 ಮೀಟರ್: 2,50,000 − 90,000 = 1,60,000. ಹೊಂದಿತು. ಪರೀಕ್ಷೆಯಲ್ಲಿ ಅರ್ಧ ನಿಮಿಷ ಉಳಿದಿದ್ದರೆ ಅದನ್ನು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮ್ಯುವಾನಿನ ಲೆಕ್ಕ

ವಾಯುಮಂಡಲದ ಮೇಲುಸ್ತರಗಳಲ್ಲಿ ವಿಶ್ವಕಿರಣಗಳಿಂದ ಹುಟ್ಟುವ ಮ್ಯುವಾನ್ ಕಣಗಳ ಸರಾಸರಿ ಆಯುಸ್ಸು 2.197 ಮೈಕ್ರೋಸೆಕೆಂಡು. ಬೆಳಕಿನ ವೇಗದಲ್ಲೇ ಹೋದರೂ ಆ ಅವಧಿಯಲ್ಲಿ ಕ್ರಮಿಸುವುದು ಸುಮಾರು 660 ಮೀಟರ್ ಮಾತ್ರ. ಫ್ರಿಶ್ ಮತ್ತು ಸ್ಮಿತ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಮೌಂಟ್ ವಾಷಿಂಗ್ಟನ್ ಶಿಖರದ ಮೇಲೆ, ಸುಮಾರು 1907 ಮೀಟರ್ ಎತ್ತರದಲ್ಲಿ, ಬೆಳಕಿನ ವೇಗದ ಸುಮಾರು 0.995ರಷ್ಟು ವೇಗವಿದ್ದ ಮ್ಯುವಾನುಗಳನ್ನು ಎಣಿಸಿದಾಗ ಗಂಟೆಗೆ ಸುಮಾರು 563 ಸಿಕ್ಕವು. ಸಮುದ್ರಮಟ್ಟದಲ್ಲಿ ಎಷ್ಟು ಸಿಗಬೇಕು?

ಘಟನೆ ಒಂದು ಶಿಖರದ ಎತ್ತರವನ್ನು ದಾಟುವುದು, ಘಟನೆ ಎರಡು ಕೆಳಗೆ ತಲುಪುವುದು. ಎರಡೂ ಘಟನೆಗಳಿಗೆ ಹಾಜರಿರುವುದು ಮ್ಯುವಾನ್ ತಾನೇ, ಆದ್ದರಿಂದ ಈ ಸಲ ಸ್ವಕಾಲ ಚಲಿಸುವ ಕಣದ್ದು. 1907 ಮೀಟರ್ ಭೂಮಿಯ ಚೌಕಟ್ಟಿನ ನಿಶ್ಚಲ ಉದ್ದ. ಭೂಮಿಯವರ ಕಾಲ 1907ನ್ನು ಸುಮಾರು 298.3ರಿಂದ ಭಾಗಿಸಿದಷ್ಟು, ಅಂದರೆ 6.39 ಮೈಕ್ರೋಸೆಕೆಂಡು. ಗ್ಯಾಮಾ 10 ಇರುವುದರಿಂದ ಮ್ಯುವಾನಿನ ಕಾಲ 0.64 ಮೈಕ್ರೋಸೆಕೆಂಡು. ಕಣಗಳ ಕ್ಷಯ ಘಾತೀಯ ನಿಯಮದಂತೆ ನಡೆಯುವುದರಿಂದ, ಕಾಲದ ಹಿಗ್ಗುವಿಕೆ ಇಲ್ಲದಿದ್ದರೆ 6.39 ÷ 2.197 = 2.91, ಮತ್ತು ಉಳಿಯಬೇಕಾದ ಪಾಲು e (ಸುಮಾರು 2.718) ಎಂಬ ಸಂಖ್ಯೆಯ −2.91ನೆಯ ಘಾತ, ಅಂದರೆ ಶೇಕಡ 5.4. ಗಂಟೆಗೆ ಸುಮಾರು 31. ಹಿಗ್ಗುವಿಕೆಯನ್ನು ಸೇರಿಸಿದರೆ ಘಾತ −0.29, ಉಳಿಯುವ ಪಾಲು ಶೇಕಡ 75ರ ಹತ್ತಿರ, ಗಂಟೆಗೆ ಸುಮಾರು 420. ನಿಜವಾಗಿ ಎಣಿಕೆಗೆ ಸಿಕ್ಕದ್ದು ಸುಮಾರು 408. ಗಾಳಿಯ ಮೂಲಕ ಇಳಿಯುವಾಗ ಕಣಗಳ ವೇಗ ಸ್ವಲ್ಪ ಕುಂದುವುದರಿಂದ ಗ್ಯಾಮಾದ ಸರಾಸರಿ 10ಕ್ಕಿಂತ ಕೊಂಚ ಕೆಳಗಿರುತ್ತದೆ, ಹಾಗಾಗಿ ಈ ಚಿಕ್ಕ ಕೊರತೆ ನಿರೀಕ್ಷಿತವೇ.

ಇದೇ ಲೆಕ್ಕವನ್ನು ಮ್ಯುವಾನಿನ ಪಕ್ಷದಿಂದ ಮಾಡಿ ನೋಡಿ. ಅದಕ್ಕೆ ತನ್ನ ಆಯುಸ್ಸು 2.197 ಮೈಕ್ರೋಸೆಕೆಂಡೇ, ಹಿಗ್ಗಿಲ್ಲ. ಅದರ ಕಡೆಗೆ ನುಗ್ಗಿ ಬರುವ ಪರ್ವತದ ಎತ್ತರ 1907 ÷ 10 = 190.7 ಮೀಟರ್, ಕಾಲ ಮತ್ತೆ 0.64. ಒಂದು ಚೌಕಟ್ಟಿನವರು ಕಾಲದ ಹಿಗ್ಗುವಿಕೆ ಎಂದು ವಿವರಿಸಿದ್ದನ್ನು ಇನ್ನೊಂದು ಚೌಕಟ್ಟಿನವರು ಉದ್ದದ ಕುಗ್ಗುವಿಕೆ ಎಂದು ವಿವರಿಸುತ್ತಾರೆ. ಒಂದೇ ಲೆಕ್ಕದಲ್ಲಿ, ಒಂದೇ ಚೌಕಟ್ಟಿನಲ್ಲಿ ನಿಂತು ಎರಡನ್ನೂ ಹಾಕಿದರೆ ಗ್ಯಾಮಾದ ವರ್ಗ ನುಸುಳಿಬಿಡುತ್ತದೆ. ಉತ್ತರ ಅನುಮಾನಾಸ್ಪದವಾಗಿ ಚಿಕ್ಕದಾಗಿ ಬಂದರೆ ಮೊದಲು ಈ ತಪ್ಪನ್ನೇ ಹುಡುಕಬೇಕು.

ವೇಗವನ್ನು ಕಂಡುಹಿಡಿಯಬೇಕಾದಾಗ

40 ಜ್ಯೋತಿರ್ವರ್ಷ ದೂರದ ನಕ್ಷತ್ರವನ್ನು ಯಾತ್ರಿಕರು ತಮ್ಮ ಗಡಿಯಾರದಂತೆ 30 ವರ್ಷಗಳಲ್ಲಿ ತಲುಪಬೇಕು. ವೇಗ ಎಷ್ಟಿರಬೇಕು? 40ನ್ನು 30ರಿಂದ ಭಾಗಿಸಿ 1.33 ಬಂದಾಗ, ಬೆಳಕನ್ನೂ ಮೀರಿಸಿದ ವೇಗ ಎಂದು ಗಾಬರಿಯಾಗುವವರಿದ್ದಾರೆ. 40 ಭೂಮಿಯ ಚೌಕಟ್ಟಿನ ದೂರ, 30 ನೌಕೆಯ ಚೌಕಟ್ಟಿನ ಕಾಲ. ಬೇರೆಬೇರೆ ಚೌಕಟ್ಟುಗಳ ಸಂಖ್ಯೆಗಳನ್ನು ಭಾಗಿಸಿದಾಗ ಬರುವುದು ಯಾವ ವೀಕ್ಷಕರೂ ಅಳೆಯುವ ವೇಗವಲ್ಲ. ಆದರೆ ಆ ಭಾಗಲಬ್ಧ ವ್ಯರ್ಥವೂ ಅಲ್ಲ, ಅದು ಗ್ಯಾಮಾ ಮತ್ತು ಬೀಟಾಗಳ ಗುಣಲಬ್ಧ. ಅದನ್ನು ‘ಗು’ ಎಂದು ಕರೆದರೆ:

ಬೀಟಾ = ಗು ÷ √(1 + ಗು²)

ಇಲ್ಲಿ ಗು = 4/3, ಆದ್ದರಿಂದ ಬೀಟಾ = (4/3) ÷ (5/3) = 0.8. ತಾಳೆ ನೋಡೋಣ: ಭೂಮಿಯವರಿಗೆ 40 ÷ 0.8 = 50 ವರ್ಷ, ಅದನ್ನು 5/3ರಿಂದ ಭಾಗಿಸಿದರೆ 30. ಯಾತ್ರಿಕರಿಗೆ ದೂರ 24 ಜ್ಯೋತಿರ್ವರ್ಷ, 24 ÷ 30 = 0.8. ಗ್ಯಾಮಾವನ್ನೇ ಕೊಟ್ಟು ವೇಗ ಕೇಳಿದರೆ ಬೀಟಾ = √(1 − 1 ÷ ಗ್ಯಾಮಾ²). ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಉಂಗುರದೊಳಗೆ ಸುತ್ತಿಸಿದ ಮ್ಯುವಾನುಗಳ ಗ್ಯಾಮಾ 29.3 ಇತ್ತು. ವೇಗ ಬೆಳಕಿನ 0.9994ರಷ್ಟು, ಆಯುಸ್ಸು 2.197 × 29.3 = 64.4 ಮೈಕ್ರೋಸೆಕೆಂಡು, ಮತ್ತು ಅಳತೆಯಲ್ಲೂ ಅದೇ ಸಿಕ್ಕಿತು.

ಎರಡು ಸೂತ್ರಗಳೂ ಕೆಲಸಕ್ಕೆ ಬಾರದಾಗ

ಎರಡು ಘಟನೆಗಳು ಪ್ರಶ್ನೆಯ ಯಾವ ಚೌಕಟ್ಟಿನಲ್ಲೂ ಒಂದೇ ಸ್ಥಳದಲ್ಲಿ ನಡೆಯದಿದ್ದರೆ ಗ್ಯಾಮಾದಿಂದ ಸುಮ್ಮನೆ ಗುಣಿಸುವ ಹಕ್ಕು ನಮಗಿಲ್ಲ. ಆಗ ಲೊರೆಂಟ್ಜ್ ಪರಿವರ್ತನೆಯನ್ನು ಪೂರ್ಣರೂಪದಲ್ಲೇ ಬಳಸಬೇಕು. ಕಾಲವನ್ನು ಮೇಲಿನಂತೆ ಮೀಟರಿನಲ್ಲಿ ಇಟ್ಟುಕೊಂಡರೆ:

ಹೊಸ ಕಾಲ = ಗ್ಯಾಮಾ × (ಕಾಲ − ಬೀಟಾ × ದೂರ)
ಹೊಸ ದೂರ = ಗ್ಯಾಮಾ × (ದೂರ − ಬೀಟಾ × ಕಾಲ)

ಇಲ್ಲಿ ಕಾಲ, ದೂರಗಳು ಎರಡು ಘಟನೆಗಳ ನಡುವಿನ ವ್ಯತ್ಯಾಸಗಳು, ಮತ್ತು ಹೊಸ ಚೌಕಟ್ಟು ಧನ ದಿಕ್ಕಿನಲ್ಲಿ ಸಾಗುತ್ತಿದೆ. ಅದು ಎದುರು ದಿಕ್ಕಿಗೆ ಹೋಗುತ್ತಿದ್ದರೆ ಬೀಟಾದ ಚಿಹ್ನೆ ಬದಲಾಗುತ್ತದೆ. ದಿಕ್ಕಿನ ಬಾಣವನ್ನು ಚಿತ್ರದಲ್ಲಿ ಹಾಕಿಕೊಳ್ಳದೆ ಈ ಸೂತ್ರಗಳನ್ನು ಮುಟ್ಟಬಾರದು.

ಅದೇ 300 ಮೀಟರ್ ನೌಕೆ ಈಗ 240 ಮೀಟರ್ ನಿಶ್ಚಲ ಉದ್ದದ, ಎರಡೂ ಕಡೆ ಬಾಗಿಲಿರುವ ಸುರಂಗವನ್ನು 0.6ರ ವೇಗದಲ್ಲಿ ಹಾಯುತ್ತದೆ ಎನ್ನೋಣ. ನಿಲ್ದಾಣದವರಿಗೆ ನೌಕೆ 240 ಮೀಟರ್, ಸುರಂಗವೂ 240 ಮೀಟರ್. ಮೂತಿ ಆಚೆಯ ಬಾಗಿಲಿಗೆ ಬಂದ ಕ್ಷಣದಲ್ಲೇ ಬಾಲ ಈಚೆಯ ಬಾಗಿಲಿನಲ್ಲಿರುತ್ತದೆ, ನೌಕೆ ಸರಿಯಾಗಿ ಹಿಡಿಸುತ್ತದೆ. ನೌಕೆಯವರಿಗೆ ಸುರಂಗ 192 ಮೀಟರ್ ಮಾತ್ರ, ನೌಕೆ 300. ಅವರ ಪ್ರಕಾರ ಹಿಡಿಸುವ ಮಾತೇ ಇಲ್ಲ.

ಪರಿವರ್ತನೆ ಏನು ಹೇಳುತ್ತದೆ ಎಂದು ನೋಡಬೇಕು. ನಿಲ್ದಾಣದಲ್ಲಿ ಎರಡು ಘಟನೆಗಳ ಕಾಲದ ವ್ಯತ್ಯಾಸ ಸೊನ್ನೆ, ಮೂತಿಯ ಘಟನೆ 240 ಮೀಟರ್ ಮುಂದೆ. ಹೊಸ ಕಾಲ = 1.25 × (0 − 0.6 × 240) = −180 ಮೀಟರ್, ಅಂದರೆ 0.6 ಮೈಕ್ರೋಸೆಕೆಂಡು. ಋಣ ಚಿಹ್ನೆಯ ಅರ್ಥ, ನೌಕೆಯವರಿಗೆ ಮೂತಿಯ ಘಟನೆ ಮೊದಲು ನಡೆಯಿತು. ಮೂತಿ ಆಚೆಯ ಬಾಗಿಲು ತಲುಪಿದಾಗ 300 − 192 = 108 ಮೀಟರ್ ನೌಕೆ ಇನ್ನೂ ಈಚೆಗೆ ಹೊರಗಿದೆ, ಸುರಂಗ ಆ 108 ಮೀಟರ್ ಸಾಗಿ ಬರಲು 108 ÷ 180 = 0.6 ಮೈಕ್ರೋಸೆಕೆಂಡು ಬೇಕು. ಎರಡು ದಾರಿಗಳೂ ಕೂಡಿದವು. ‘ನೌಕೆ ಹಿಡಿಸಿತೇ’ ಎಂಬ ಪ್ರಶ್ನೆಯೊಳಗೆ ‘ಎರಡು ತುದಿಗಳೂ ಏಕಕಾಲಕ್ಕೆ ಒಳಗಿದ್ದವೇ’ ಎಂಬ ಪ್ರಶ್ನೆ ಅಡಗಿರುವುದರಿಂದ ಅದಕ್ಕೆ ಎರಡು ಚೌಕಟ್ಟುಗಳಲ್ಲಿ ಎರಡು ಉತ್ತರಗಳಿರುವುದು ಸಹಜ. ನೌಕೆ ಬಾಗಿಲಿಗೆ ಬಡಿಯಿತೇ ಎಂಬಂಥ ಪ್ರಶ್ನೆ ಬೇರೆ. ಅದು ಒಂದೇ ಸ್ಥಳದ, ಒಂದೇ ಕ್ಷಣದ ಘಟನೆ, ಅದರ ಉತ್ತರ ಯಾವ ಚೌಕಟ್ಟಿನಲ್ಲೂ ಬದಲಾಗದು.

ಕೆಲವೊಮ್ಮೆ ಘಟನೆಗಳ ಕ್ರಮವೇ ಅದಲುಬದಲಾಗುತ್ತದೆ. 600 ಮೀಟರ್ ಅಂತರದಲ್ಲಿ ಎರಡು ದೀಪಗಳು 1 ಮೈಕ್ರೋಸೆಕೆಂಡು, ಅಂದರೆ 300 ಮೀಟರ್, ಹಿಂದೆಮುಂದೆ ಮಿನುಗಿದವು ಎನ್ನಿ. 0.6ರ ವೇಗದ ಚೌಕಟ್ಟಿನಲ್ಲಿ ಹೊಸ ಕಾಲ 1.25 × (300 − 360) = −75 ಮೀಟರ್. ಮೊದಲು ಮಿನುಗಿದ್ದು ಅಲ್ಲಿ ಆಮೇಲೆ ಮಿನುಗಿದೆ. ಚಿಹ್ನೆ ತಿರುಗಿದ್ದನ್ನು ಕಂಡು ಲೆಕ್ಕ ತಪ್ಪಿತೆಂದು ಅಳಿಸಬೇಡಿ. ದೂರ ಕಾಲಕ್ಕಿಂತ ಹೆಚ್ಚಿರುವಾಗ ಬೆಳಕೂ ಒಂದು ಘಟನೆಯಿಂದ ಇನ್ನೊಂದಕ್ಕೆ ತಲುಪಲಾರದು, ಒಂದು ಇನ್ನೊಂದಕ್ಕೆ ಕಾರಣವಾಗಲು ಸಾಧ್ಯವೇ ಇಲ್ಲ. ಕಾಲ ದೂರಕ್ಕಿಂತ ಹೆಚ್ಚಿದ್ದೂ ಚಿಹ್ನೆ ತಿರುಗಿದರೆ ಮಾತ್ರ ಲೆಕ್ಕ ತಪ್ಪಿದೆ.

ಎರಡು ನೌಕೆಗಳು, ಓರೆಯಾದ ಕೋಲು

ನಿಲ್ದಾಣದ ಎರಡು ಕಡೆಗಳಿಂದ ಎರಡು ನೌಕೆಗಳು ತಲಾ 0.6ರ ವೇಗದಲ್ಲಿ ಎದುರುಬದುರಾಗಿ ಬರುತ್ತಿವೆ. ಒಂದರ ನಿಶ್ಚಲ ಉದ್ದ 170 ಮೀಟರ್. ಇನ್ನೊಂದರವರು ಅದನ್ನು ಎಷ್ಟೆಂದು ಅಳೆಯುತ್ತಾರೆ? ಇಲ್ಲಿ ಬೇಕಾದದ್ದು ಎರಡು ನೌಕೆಗಳ ನಡುವಿನ ಸಾಪೇಕ್ಷ ವೇಗ. ಅದು 1.2 ಅಲ್ಲ, (0.6 + 0.6) ÷ (1 + 0.36) = 15/17. ಅದರ ಗ್ಯಾಮಾ 17/8, ಉದ್ದ 80 ಮೀಟರ್. ನಿಲ್ದಾಣದವರು ಅಳೆಯುವ 136 ಮೀಟರನ್ನು ಮತ್ತೊಮ್ಮೆ 1.25ರಿಂದ ಭಾಗಿಸುವವರಿಗೆ 108.8 ಬರುತ್ತದೆ, ಅದು ತಪ್ಪು. ಕುಗ್ಗುವಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಾಕಲಾಗದು, ಪ್ರತಿಸಲವೂ ನಿಶ್ಚಲ ಉದ್ದದಿಂದಲೇ ಹೊರಡಬೇಕು.

ಕೋಲು ಓರೆಯಾಗಿದ್ದರೆ ಅದನ್ನು ಚಲನೆಯ ದಿಕ್ಕಿನ ಭಾಗ ಮತ್ತು ಅಡ್ಡ ಭಾಗ ಎಂದು ಒಡೆಯಬೇಕು. 5 ಮೀಟರ್ ಕೋಲಿಗೆ ಚಲನೆಯ ದಿಕ್ಕಿನಲ್ಲಿ 4, ಅಡ್ಡಕ್ಕೆ 3 ಮೀಟರ್ ಇದ್ದು ವೇಗ 0.8 ಆದರೆ 4 ಮೀಟರ್ ಮಾತ್ರ 2.4 ಆಗುತ್ತದೆ, 3 ಹಾಗೆಯೇ ಉಳಿಯುತ್ತದೆ. ಉದ್ದ √(5.76 + 9) = 3.84 ಮೀಟರ್. ಕೋನ 36.9 ಡಿಗ್ರಿಯಿಂದ 51.3 ಡಿಗ್ರಿಗೆ ಏರುತ್ತದೆ.

ಹೋಗಿ ಬರುವ ಪಯಣ, ಮತ್ತು ಕಣ್ಣಿಗೆ ಕಾಣುವುದು

12 ಜ್ಯೋತಿರ್ವರ್ಷ ದೂರಕ್ಕೆ 0.8ರ ವೇಗದಲ್ಲಿ ಹೋಗಿ, ತಕ್ಷಣ ತಿರುಗಿ ಅದೇ ವೇಗದಲ್ಲಿ ಬರುವ ಅವಳಿಯ ಲೆಕ್ಕ ಎಲ್ಲರೂ ಕೇಳಿದ್ದೇ. ಭೂಮಿಯಲ್ಲಿ ಉಳಿದವಳಿಗೆ 15 + 15 = 30 ವರ್ಷ, ಹೋಗಿಬಂದವಳಿಗೆ 9 + 9 = 18 ವರ್ಷ. ಗ್ಯಾಮಾದಿಂದ ಭಾಗಿಸುವುದು ಇಲ್ಲಿ ಸರಿ, ಏಕೆಂದರೆ ಹೊರಡುವ, ತಿರುಗುವ, ಮರಳುವ ಮೂರು ಘಟನೆಗಳಿಗೂ ಹಾಜರಿರುವುದು ಪಯಣಿಗಳ ಗಡಿಯಾರ.

ಪಯಣಿಗಳ ಕಡೆಯಿಂದ ನೋಡಿದಾಗ ಲೆಕ್ಕ ಎಲ್ಲಿ ಸೋರುತ್ತದೆ ಎಂಬುದನ್ನು ಸಂಖ್ಯೆಗಳಲ್ಲೇ ತೋರಿಸಬಹುದು. ಅವಳ 9 ವರ್ಷಗಳಲ್ಲಿ ಭೂಮಿಯ ಗಡಿಯಾರ ನಿಧಾನವಾಗಿ ನಡೆದು 9 ÷ (5/3) = 5.4 ವರ್ಷ ಮುಂದೆ ಹೋಗುತ್ತದೆ. ಎರಡು ಸಲ ಸೇರಿ 10.8. ಭೂಮಿಯಲ್ಲಿ ಕಳೆದದ್ದು 30, ಉಳಿದ 19.2 ಎಲ್ಲಿ ಹೋಯಿತು? ಅವಳು ತಿರುಗಿದಾಗ ಒಂದು ಚೌಕಟ್ಟನ್ನು ಬಿಟ್ಟು ಇನ್ನೊಂದಕ್ಕೆ ಏರಿದಳು, ಹಾಗಾಗಿ ‘ಭೂಮಿಯಲ್ಲಿ ಈಗ ಯಾವ ವರ್ಷ’ ಎಂಬುದರ ಲೆಕ್ಕವೇ ಬದಲಾಯಿತು. ಹಿಂಬದಿಯ ಗಡಿಯಾರದ ನಿಯಮದಂತೆ ಪ್ರತಿ ಚೌಕಟ್ಟಿನಲ್ಲೂ ಆ ವ್ಯತ್ಯಾಸ 0.8 × 12 = 9.6 ವರ್ಷ. ಹೋಗುವ ಚೌಕಟ್ಟಿನಲ್ಲಿ ಒಂದು ಕಡೆಗೆ, ಬರುವ ಚೌಕಟ್ಟಿನಲ್ಲಿ ಇನ್ನೊಂದು ಕಡೆಗೆ, ಒಟ್ಟು 19.2. ಒಂದು ವರ್ಷವೂ ಕಳೆದುಹೋಗಿಲ್ಲ.

ಈವರೆಗೆ ‘ಅವರಿಗೆ ಇಷ್ಟು’ ಎಂದದ್ದೆಲ್ಲ ಅಳತೆಯ ಮಾತು, ಬೆಳಕು ಬಂದು ತಲುಪಲು ಹಿಡಿದ ಕಾಲವನ್ನು ಕಳೆದ ಮೇಲಿನ ಮಾತು. ಪ್ರಶ್ನೆಯಲ್ಲಿ ‘ಕಾಣುತ್ತದೆ’, ‘ಸಂಕೇತ ತಲುಪುತ್ತದೆ’ ಎಂಬ ಪದಗಳಿದ್ದರೆ ಆ ಕಾಲವನ್ನೂ ಸೇರಿಸಬೇಕು. ದೂರ ಸರಿಯುವ ಮೂಲ ವರ್ಷಕ್ಕೊಂದು ಸಂಕೇತ ಕಳಿಸಿದರೆ, ಎರಡು ಸಂಕೇತಗಳ ನಡುವೆ ಗ್ಯಾಮಾ ವರ್ಷ ಕಳೆಯುತ್ತದೆ, ಅಷ್ಟರಲ್ಲಿ ಮೂಲ ಇನ್ನೂ ಗ್ಯಾಮಾ × ಬೀಟಾ ಜ್ಯೋತಿರ್ವರ್ಷ ದೂರ ಹೋಗಿರುತ್ತದೆ. ಒಟ್ಟು ಅಂತರ ಗ್ಯಾಮಾ × (1 + ಬೀಟಾ), ಇಲ್ಲಿ 5/3 × 1.8 = 3 ವರ್ಷ. ಹತ್ತಿರ ಬರುವಾಗ 5/3 × 0.2 = 1/3 ವರ್ಷ. ಹೋಗುವಾಗ ಪಯಣಿಗಳು ಕಳಿಸಿದ 9 ಸಂಕೇತಗಳು ಭೂಮಿಗೆ 3 ವರ್ಷಕ್ಕೊಂದರಂತೆ 27 ವರ್ಷಗಳಲ್ಲಿ ಬಂದು ಮುಗಿಯುತ್ತವೆ. ಬರುವಾಗಿನ 9 ಸಂಕೇತಗಳು ಉಳಿದ 3 ವರ್ಷಗಳಲ್ಲಿ ಒತ್ತೊತ್ತಾಗಿ ಬಂದು ಸೇರುತ್ತವೆ. ಒಟ್ಟು 18 ಸಂಕೇತ, 30 ವರ್ಷ. ಎದುರು ದಿಕ್ಕಿನಲ್ಲಿ, ಭೂಮಿಯವಳು ವರ್ಷಕ್ಕೊಂದರಂತೆ ಕಳಿಸಿದ 30 ಸಂಕೇತಗಳಲ್ಲಿ ಪಯಣಿಗಳಿಗೆ ಹೋಗುವ 9 ವರ್ಷಗಳಲ್ಲಿ ಸಿಗುವುದು 3, ಬರುವ 9 ವರ್ಷಗಳಲ್ಲಿ 27. ಏಕಕಾಲಿಕತೆಯ ಮಾತನ್ನೇ ಎತ್ತದೆ, ಬರಿಯ ಸಂಕೇತಗಳನ್ನು ಎಣಿಸಿಯೇ 18 ಮತ್ತು 30 ಎರಡೂ ಮತ್ತೆ ಸಿಕ್ಕವು.